ನಗೆಗೂಬೆ ಹೋದ ಮೇಲೆ ಮಡಿವಾಳ ಹಕ್ಕಿ ಹಾಡಿದ್ದು

ಬನ್ನಿ ಮಕ್ಕಳೇ, ಹತ್ತಿರ ಬಂದು ಕೂತುಕೊಳ್ಳಿ. ಕಾಲು ಚಾಚಿಕೊಂಡವರು ಮಡಚಿಕೊಳ್ಳಿ, ಹಿಂದಿನವರಿಗೂ ಜಾಗ ಬೇಕು. ಕಡಲೆಕಾಯಿ ಬಿಡಿಸುವವರು ಬಿಡಿಸಿ, ಬೇಡ ಅನ್ನುವುದಿಲ್ಲ. ಸಿಪ್ಪೆಯ ಸದ್ದು ಮಾತ್ರ ಬೇಡ. ಇದು ಕಿವಿಯಲ್ಲಿ ಇಟ್ಟುಕೊಳ್ಳುವ ಕಥೆ. ಸದ್ದು ಮಾಡಿದರೆ ಅರ್ಧ ಅಲ್ಲೇ ಚೆಲ್ಲಿಹೋಗುತ್ತದೆ.

ಒಂದು ಕಾಡಿನಲ್ಲಿ ಒಂದು ಹೊಳೆ ಇತ್ತು. ಹೊಳೆ ದಂಡೆಯಲ್ಲಿ ಒಂದು ಮತ್ತಿ ಮರ ಇತ್ತು. ಎಂಟು ಜನ ಕೈ ಹಿಡಿದು ನಿಂತರೂ ತಬ್ಬಲಾಗದಷ್ಟು ದಪ್ಪ ಮರ. ಅದರ ಮೇಲುಗಡೆ ಒಂದು ದೊಡ್ಡ ಪೊಟರೆ. ಆ ಪೊಟರೆಯಲ್ಲಿ ಒಂದು ಗೂಬೆ ಇತ್ತು. ಅದು ನಗೆಗೂಬೆ. ಆ ಜಾತಿ ಈಗಿಲ್ಲ. ನೀವು ನೋಡಿಲ್ಲ, ನಿಮ್ಮ ಅಪ್ಪ ಅಮ್ಮನೂ ನೋಡಿಲ್ಲ. ಬೇರೆ ಗೂಬೆಗಳು ಗೂಕ್ ಅಂದರೆ ಇದು ನಗುತ್ತಿತ್ತು. ಮದುವೆ ಮನೆ ಹಿತ್ತಲಲ್ಲಿ ನಾಲ್ಕು ಜನ ಮುದುಕಿಯರು ಸೇರಿ, ಬಾಯಿಗೆ ಸೆರಗು ಇಟ್ಟುಕೊಂಡು, ತಡೆಯಲಾರದೆ ನಗುತ್ತಾರಲ್ಲ, ಹಾಗೆ ನಗುತ್ತಿತ್ತು.

ಕಾಡಿನವರೆಲ್ಲ ಅದನ್ನು ದೊಡ್ಡಮ್ಮ ಅನ್ನುತ್ತಿದ್ದರು, ಇಲಿಗಳನ್ನು ಬಿಟ್ಟು. ಇಲಿಗಳು ಏನು ಅನ್ನುತ್ತಿದ್ದವು ಎಂಬುದನ್ನು ಮಕ್ಕಳ ಮುಂದೆ ಹೇಳುವ ಹಾಗಿಲ್ಲ.

ಅದೇ ಮರದಲ್ಲಿ, ದೊಡ್ಡ ಪೊಟರೆಯಿಂದ ಎರಡು ಕೊಂಬೆ ಕೆಳಗೆ, ಮುಷ್ಟಿ ಹಿಡಿಸುವಷ್ಟು ಇನ್ನೊಂದು ಪೊಟರೆ ಇತ್ತು. ಅದರಲ್ಲಿ ಸಣ್ಣೀರ ಎಂಬ ಮಡಿವಾಳ ಹಕ್ಕಿಯ ಮನೆ. ಮಡಿವಾಳ ಹಕ್ಕಿಯನ್ನು ನೀವು ನೋಡಿದ್ದೀರಿ. ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಬಾಲ ಯಾವಾಗಲೂ ನೆಟ್ಟಗೆ. ಸಣ್ಣೀರನ ಅಜ್ಜ ಆ ಪೊಟರೆಯಲ್ಲೇ ಹುಟ್ಟಿದ್ದ, ಅಪ್ಪ ಅಲ್ಲೇ ಹುಟ್ಟಿದ್ದ, ಇವನೂ ಅಲ್ಲೇ ಹುಟ್ಟಿದ. ಹೊತ್ತು ಇಳಿಯುವಾಗ ಕೊಂಬೆಯ ತುದಿಯಲ್ಲಿ ಕೂತು ಹಾಡುವುದು ಆ ಮನೆಯವರ ಪದ್ಧತಿ. ಸಣ್ಣೀರ ಹಾಡು ಶುರು ಮಾಡುತ್ತಿದ್ದ ಹಾಗೆ ಮೇಲಿನ ಪೊಟರೆಯಲ್ಲಿ ದೊಡ್ಡಮ್ಮ ಮೈ ಮುರಿಯುವ ಸದ್ದು ಕೇಳುತ್ತಿತ್ತು. ಹಾಡು ಮುಗಿಯುವ ಹೊತ್ತಿಗೆ ಅವಳು ಬಾಗಿಲಿಗೆ ಬಂದು ಕೂರುತ್ತಿದ್ದಳು. ಆ ಕಡೆ ಕತ್ತು ತಿರುಗಿಸಿ, ಈ ಕಡೆ ಕತ್ತು ತಿರುಗಿಸಿ ನೋಡುತ್ತಿದ್ದಳು. ಹುಲ್ಲಿನ ಮರೆಯಲ್ಲಿ ಹಾವು ಇದ್ದರೆ ನಗುತ್ತಿದ್ದಳು. ಪೊದೆ ಹಿಂದೆ ಬೆಕ್ಕು ಇದ್ದರೆ ನಗುತ್ತಿದ್ದಳು. ನಗು ಕೇಳಿದ ಕೂಡಲೇ ತಾಯಂದಿರು ಮರಿಗಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಹೊಂಚು ಹಾಕಿ ಕೂತವನಿಗೂ, ತನ್ನನ್ನು ನೋಡಿ ಯಾರೋ ನಕ್ಕರಲ್ಲ ಅಂತ ಮುಖ ಸಪ್ಪಗಾಗಿ ಎದ್ದು ಹೋಗಬೇಕಾಗುತ್ತಿತ್ತು.

ಸಣ್ಣೀರ ಮರಿಯಾಗಿದ್ದಾಗ ಒಂದು ಸಲ ದೊಡ್ಡಮ್ಮನ ಹಾಗೆ ನಗಲು ಹೋಗಿ ಕೊಂಬೆಯಿಂದ ಜಾರಿ ಬಿದ್ದಿದ್ದ. ದೊಡ್ಡಮ್ಮ ಮೇಲಿಂದ ಬಗ್ಗಿ ನೋಡಿದಳು.

"ನನ್ನ ನಗು ನಿನ್ನ ಗಂಟಲಿಗೆ ದೊಡ್ಡದಾಯ್ತು ಕಣೋ ಮಗ. ಅದು ನನಗಿರಲಿ. ನಿಂದು ನೀನು ಹಾಡು," ಅಂದಳು.

ಅವಳಲ್ಲಿ ಒಂದು ವಿಚಿತ್ರ ಇತ್ತು. ನಕ್ಕಾದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ, ಕಿವಿ ಕೊಟ್ಟು ಕೂತಿರುತ್ತಿದ್ದಳು. ಸಣ್ಣೀರನಿಗೆ ಮದುವೆಯಾಗಿ, ಹೆಂಡತಿ ಚೆಲುವಿಯ ಜೊತೆ ಗೂಡು ಕಟ್ಟುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಅವನು ಧೈರ್ಯ ಮಾಡಿ ಕೇಳಿದ.

"ದೊಡ್ಡಮ್ಮ, ನಕ್ಕಾದ ಮೇಲೆ ಏನು ಕೇಳ್ತಾ ಕೂರ್ತೀಯ?"

"ಮೊದಲು ಆ ಗುಡ್ಡದಿಂದ ನಮ್ಮಕ್ಕ ನಗೋಳು ಕಣಪ್ಪ. ಬಿದಿರು ಮೆಳೆ ಕಡೆಯಿಂದ ನಮ್ಮ ಯಜಮಾನ್ರು ನಗೋರು. ಹಳೇ ಮರಗಳೆಲ್ಲ ಹೋದ್ವು, ಪೊಟರೆ ಹೋದ್ವು, ಅವರೂ ಹೋದ್ರು. ಈಗ ಯಾರೂ ಇಲ್ಲ ಅಂತ ನನಗೂ ಗೊತ್ತು. ಕಿವಿಗೆ ಗೊತ್ತಾಗಲ್ಲ."

ಸಣ್ಣೀರ ಗುಡ್ಡದ ಕಡೆ ನೋಡಿದ. ಕೊಕ್ಕಿನಲ್ಲಿದ್ದ ನಾರು ಹಿಡಿದುಕೊಂಡೇ ಕೂತಿದ್ದ.

"ಅದೇನು ಮುಖ ಮಾಡ್ಕೊಂಡು ಕೂತೆ? ಹೋಗು, ಚೆಲುವಿ ನಾರಿಗೆ ಕಾಯ್ತಾ ಇದಾಳೆ. ನಾಳೆ ತಡ ಮಾಡಬೇಡ. ನೀನು ಹಾಡ್ದೆ ಇದ್ರೆ ನನಗೆ ಕಣ್ಣೇ ಬಿಡಲ್ಲ," ಅಂದಳು ದೊಡ್ಡಮ್ಮ.

ಮಾರನೆಯ ಸಂಜೆ ಸಣ್ಣೀರ ತಡ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಹಾಡಿದ. ಮೇಲೆ ಮೈ ಮುರಿಯುವ ಸದ್ದು ಬರಲಿಲ್ಲ. ಇನ್ನೊಂದು ಸಲ ಹಾಡಿದ, ಸ್ವಲ್ಪ ಜೋರಾಗಿ. ಬರಲಿಲ್ಲ. ಮೂರನೆಯ ಸಲ ಅರ್ಧ ಹಾಡಿ ನಿಲ್ಲಿಸಿದ. ಹಾರಿ ಹೋಗಿ ಪೊಟರೆಯೊಳಗೆ ಇಣುಕಿದ. ದೊಡ್ಡಮ್ಮ ಗುಡ್ಡದ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಒರಗಿದ್ದಳು. ಅವಳ ಜೊತೆಗೆ ನಗೆಗೂಬೆಯ ಜಾತಿಯೇ ಮುಗಿದುಹೋಯಿತು.

ಆ ಕಾಡಿನಲ್ಲಿ ಸಾವಾದರೆ ಒಂದು ನೇಮ ಇತ್ತು. ಒಂಬತ್ತು ಸಂಜೆ ಎಲ್ಲರೂ ಎಲೆ ಕಚ್ಚಬೇಕು. ಸೂರ್ಯ ಗುಡ್ಡದ ನೆತ್ತಿ ಮುಟ್ಟಿದಾಗ ಒಂದೊಂದು ಎಲೆ ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂತರೆ, ಮೊದಲನೆಯ ಚುಕ್ಕಿ ಮೂಡುವವರೆಗೂ ಬಾಯಿ ಬಿಡಬಾರದು. ಹೋದವರು ದಾರಿಯಲ್ಲಿರುತ್ತಾರೆ, ನಮ್ಮ ಸದ್ದು ಕೇಳಿ ಹಿಂದಿರುಗಿ ನೋಡಬಾರದು ಅಂತ. ಹತ್ತನೆಯ ದಿನ ಎಲ್ಲರೂ ಎಲೆಯನ್ನು ಹೊಳೆಗೆ ಬಿಟ್ಟು, ಬಾಯಿ ತೊಳೆದು, ಮೊದಲಿನ ಹಾಗೆ ಇರುವುದು. ದೊಡ್ಡಮ್ಮನನ್ನು ಮರದ ಬುಡದಲ್ಲಿ ಮಣ್ಣು ಮಾಡಿ, ಅವಳಿಗೂ ಹಾಗೇ ಮಾಡಿದರು. ಮೊಲ ಗರಿಕೆ ಕಚ್ಚಿತು. ಆಮೆ ತಾತ ಹೊಳೆ ಸೊಪ್ಪು ಕಚ್ಚಿದ. ಮುಳ್ಳುಹಂದಿ ಒಂದು ಎಲೆ ಕಚ್ಚಿ, ಮರೆತು ನುಂಗಿ, ಇನ್ನೊಂದು ಕಚ್ಚಿದ.

ಎಲ್ಲರಿಗಿಂತ ಹೆಚ್ಚು ಅತ್ತವನು ಕಾಡುಕೊತ್ತಿ. ಕೊತ್ತಿ ಅಂದರೆ ಬೆಕ್ಕು, ಗೊತ್ತಲ್ಲ? ದೊಡ್ಡಮ್ಮ ಇದ್ದಷ್ಟು ದಿನ ಕೊತ್ತಿಗೆ ಸಂಜೆ ಬೇಟೆ ದಕ್ಕಿರಲಿಲ್ಲ. ಎಲ್ಲಿ ಅಡಗಿದರೂ ಮೇಲಿಂದ ನಗು. ಕಪ್ಪೆ, ಜೀರುಂಡೆ ತಿಂದುಕೊಂಡು ಹೇಗೋ ಕಾಲ ಹಾಕಿದ್ದ. ಎಷ್ಟು ವರ್ಷ ಹಾಗಿದ್ದನೆಂದರೆ, ಅವನು ಮರಿ ಹಿಡಿಯುವವನು ಅನ್ನುವುದೇ ಕಾಡಿಗೆ ಮರೆತುಹೋಗಿತ್ತು. ಕೊತ್ತಿ ಮಾವ ಅಂತ ಕರೆಯುತ್ತಿದ್ದರು.

ಒಂಬತ್ತನೆಯ ಸಂಜೆಯ ಚುಕ್ಕಿ ಕಂಡಿತು. ಮಾರನೆಯ ಬೆಳಿಗ್ಗೆ ಎಲ್ಲರೂ ಹೊಳೆ ದಂಡೆಗೆ ಬಂದರು. ಸಣ್ಣೀರನ ಗಂಟಲಲ್ಲಿ ಒಂಬತ್ತು ಸಂಜೆಯ ಹಾಡು ತುಂಬಿಕೊಂಡಿತ್ತು. ಎಲೆ ಬಿಡುವ ಮೊದಲು ಕೊತ್ತಿ ಎದ್ದು ನಿಂತ. ಕಣ್ಣು ಒರೆಸಿಕೊಂಡ.

"ಇವತ್ತು ಸಂಜೆ ಯಾರು ದನಿ ತೆಗೀತೀರಪ್ಪ?" ಅಂತ ಕೇಳಿದ.

"ಇನ್ಯಾರು, ಮಡಿವಾಳ ಹಾಡ್ತಾನೆ," ಅಂದಿತು ಮೊಲ.

"ಯಾರು, ಈ ಸಣ್ಣೀರನಾ?" ಕೊತ್ತಿ ತಲೆ ಅಲ್ಲಾಡಿಸಿದ. "ಹಾಡಲಿ, ಬೇಡ ಅನ್ನಲ್ಲ. ಚಿಕ್ಕ ಹುಡುಗ, ಆಸೆ ಇರುತ್ತೆ. ಆದ್ರೆ ಒಂದು ಮಾತು. ದೊಡ್ಡಮ್ಮನ ನಗು ಕೇಳಿದ ಕಿವಿಗೆ ಇವನ ಪೀಪಿ ಹಿಡಿಸುತ್ತಾ? ಅವಳು ನಕ್ಕರೆ ಗುಡ್ಡ ನಗೋದು. ಇವನು ಹಾಡಿದ್ರೆ ಎಲೆ ಮೇಲಿನ ಹುಳನೂ ತಿರುಗಿ ನೋಡಲ್ಲ."

ಕೆಲವರು ಕಿಸಕ್ಕನೆ ನಕ್ಕರು. ಆಮೇಲೆ ಹೋಲಿಕೆ ಶುರುವಾಯಿತು.

"ಅದು ಹೌದು ಅನ್ನಿ. ದೊಡ್ಡಮ್ಮನ ರೆಕ್ಕೆ ಬಿಚ್ಚಿದ್ರೆ ಒಂದು ಗುಡಿಸಲು ಮುಚ್ಚೋದು," ಅಂದಿತು ಮೊಲ.

"ಇವನ ರೆಕ್ಕೆ ಬಿಚ್ಚಿದ್ರೆ ಒಂದು ಅಣಬೆ ಮುಚ್ಚುತ್ತೆ," ಅಂದ ಮುಳ್ಳುಹಂದಿ.

"ಅವಳ ಕಣ್ಣು ಏನು, ಕತ್ತು ಏನು, ಗಾಂಭೀರ್ಯ ಏನು," ಅಂದಳು ಗೌಜಲವ್ವ. ಅವಳು ನೆಲದಲ್ಲಿ ಓಡಾಡುವ ಗೌಜಲಕ್ಕಿ. ಹನ್ನೊಂದು ಮರಿಗಳ ತಾಯಿ. "ಇವನಿಗೆ ಬಾಲ ಒಂದು ಸುಮ್ಮನೆ ನಿಲ್ಲಲ್ಲ."

ಸಣ್ಣೀರ ಬಾಲ ಕೆಳಗೆ ಮಾಡಿಕೊಂಡ. ಇವರೆಲ್ಲ ದೊಡ್ಡಮ್ಮನನ್ನು ಹೊಗಳುತ್ತಿದ್ದಾರೆ. ಅವಳ ಮೇಲೆ ಇವರಿಗಿಂತ ಹೆಚ್ಚು ಪ್ರೀತಿ ಇಟ್ಟುಕೊಂಡವನು ತಾನು. ಹೀಗಿರುವಾಗ ಏನಂತ ಎದುರಾಡುವುದು?

ಕೊತ್ತಿ ದನಿ ತಗ್ಗಿಸಿದ. "ಅಂಥವಳಿಗೆ ಬರೀ ಒಂಬತ್ತು ಸಂಜೆ ಸಾಕಾ? ಇರುವೆ ಸತ್ತರೂ ಒಂಬತ್ತು, ದೊಡ್ಡಮ್ಮ ಸತ್ತರೂ ಒಂಬತ್ತು. ನನಗೆ ಯಾಕೋ ಮನಸ್ಸು ಒಪ್ಪಲ್ಲ. ಅಂಥ ನಗು ಈ ಕಾಡಲ್ಲಿ ಮತ್ತೆ ಕೇಳೋವರೆಗೂ ಸಂಜೆ ಹೊತ್ತು ಯಾರೂ ಬಾಯಿ ಬಿಡಬಾರದು. ಎಲೆ ಕಚ್ಚೋಣ. ಅದು ಮರ್ಯಾದೆ."

ಆ ಮಾತು ಎಲ್ಲರ ಎದೆಗೂ ತಾಗಿತು. ಗೌಜಲವ್ವ ಅತ್ತೇಬಿಟ್ಟಳು. ಅಂಥ ನಗು ಇನ್ನೊಮ್ಮೆ ಕೇಳಬೇಕಾದರೆ ಅಂಥ ಗೂಬೆ ಹುಟ್ಟಬೇಕು, ಅದು ಹುಟ್ಟುವ ಹಾಗಿಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ.

"ನಿಮ್ಮ ಎಲೆ ಎಲ್ಲಿ ಮಾವ?" ಅಂತ ಚೆಲುವಿ ಕೇಳಿದಳು.

"ನನ್ನ ಹಲ್ಲಲ್ಲಿ ಸಂದಿ ಕಣಮ್ಮ, ಎಲೆ ನಿಲ್ಲಲ್ಲ. ನಾನು ದೊಡ್ಡಮ್ಮನ ಪೊಟರೆ ಕಾಯ್ತೀನಿ. ಅದೇ ನನ್ನ ಎಲೆ," ಅಂದ ಕೊತ್ತಿ.

ಸಣ್ಣೀರ ಆಮೆ ತಾತನ ಮುಖ ನೋಡಿದ. ಕಾಡಿಗೆಲ್ಲ ಹಿರಿಯ ಅವನು. ತಾತ ನಿಧಾನವಾಗಿ ಕತ್ತು ಹೊರಗೆ ಹಾಕಿದ. "ಕಚ್ಚಪ್ಪ ಮಗ. ಹಿರಿಯಳಿಗೆ ಮರ್ಯಾದೆ ಕೊಟ್ಟ ಹಾಗಾಗುತ್ತೆ," ಅಂದ.

ಸಣ್ಣೀರ ಎಲೆ ಕಚ್ಚಿದ.

ಅವತ್ತಿನಿಂದ ಕಾಡಿನ ಸಂಜೆ ಹೇಗಿತ್ತು ಅಂತೀರಿ? ಒಲೆ ಆರಿದ ಅಡುಗೆಮನೆ ಇರುತ್ತದಲ್ಲ, ಹಾಗಿತ್ತು. ಸೂರ್ಯ ಗುಡ್ಡ ಮುಟ್ಟುವುದು. ಎಲ್ಲರೂ ಎಲೆ ಹಿಡಿದು ಕಣ್ಣು ಮುಚ್ಚುವುದು. ಹೊಳೆ ಒಂದು ಮಾತ್ರ ಸದ್ದು ಮಾಡುವುದು. ಸಣ್ಣೀರನಿಗೆ ಪ್ರತಿ ಸಂಜೆಯೂ ಮೇಲಿನಿಂದ ಮೈ ಮುರಿಯುವ ಸದ್ದು ಕೇಳಿದ ಹಾಗೆ ಆಗುತ್ತಿತ್ತು. ಕಣ್ಣು ಬಿಟ್ಟು ನೋಡಿದರೆ ಪೊಟರೆ ಬಾಗಿಲಲ್ಲಿ ಕೊತ್ತಿಯ ಬಾಲ ಇಳಿಬಿದ್ದಿರುತ್ತಿತ್ತು.

ಚೆಲುವಿ ಮೊಟ್ಟೆ ಇಟ್ಟಳು. ಮೂರು ಮೊಟ್ಟೆ, ಮೂರು ಮರಿ. ಮರಿಗಳಿಗೆ ಪುಕ್ಕ ಮೂಡುವ ಹೊತ್ತಿಗೆ ಕೆಳಗೆ ಗೌಜಲವ್ವನ ಹನ್ನೊಂದು ಮರಿ ಎಂಟಾಗಿತ್ತು. ಆಮೇಲೆ ಆರಾಯಿತು. ಮೊಲದ ಒಂದು ಮರಿ ಕಾಣೆಯಾಯಿತು. ಬೆಳಿಗ್ಗೆ ಎಲ್ಲರೂ ಸೇರಿ ಗೌಜಲವ್ವನನ್ನು ಸಮಾಧಾನ ಮಾಡುವರು. ಅವರಲ್ಲೆಲ್ಲ ಮುಂದೆ ಕೊತ್ತಿಯೇ.

"ದೊಡ್ಡಮ್ಮ ಇದ್ದಿದ್ರೆ ಹೀಗಾಗ್ತಿತ್ತಾ ತಾಯಿ? ಅವಳ ಕಾಲ ಹೋಯ್ತು, ಈ ಕಾಡಿನ ಕಳೆನೂ ಹೋಯ್ತು," ಅಂದು ಮೀಸೆ ಒರೆಸಿಕೊಳ್ಳುವನು. ಎಲ್ಲರೂ ಹೌದು ಹೌದು ಅನ್ನುವರು. ಆ ಸಂಜೆ ಇನ್ನೂ ಬಿಗಿಯಾಗಿ ಎಲೆ ಕಚ್ಚುವರು.

ಒಂದು ಸಂಜೆ ಸಣ್ಣೀರನಿಗೆ ಕಣ್ಣು ಮುಚ್ಚಲು ಆಗಲಿಲ್ಲ. ಮರಿಗಳು ಒಳಗೆ ಕುಯ್ಗುಡುತ್ತಿದ್ದವು. ಅವನು ಎಲೆ ಕಚ್ಚಿಕೊಂಡೇ ಕೆಳಗೆ ನೋಡಿದ. ಹುಲ್ಲು ಗಾಳಿಯಿಲ್ಲದೆ ಅಲ್ಲಾಡಿತು. ಹುಲ್ಲಿನ ನಡುವೆ ಒಂದು ಬೂದು ಬಣ್ಣದ ಬೆನ್ನು ನೀರಿನ ಹಾಗೆ ಹರಿದು ಬಂತು. ಕೊತ್ತಿ ಮಾವ. ಗೌಜಲವ್ವ ಕಣ್ಣು ಮುಚ್ಚಿ, ಬಾಯಲ್ಲಿ ಎಲೆ ಹಿಡಿದು, ದೊಡ್ಡಮ್ಮನನ್ನು ನೆನೆಯುತ್ತಾ ಕೂತಿದ್ದಳು. ಅವಳ ರೆಕ್ಕೆ ಪಕ್ಕದಿಂದ ಕೊತ್ತಿ ಒಂದು ಮರಿಯನ್ನು ಎತ್ತಿಕೊಂಡ. ಬುಟ್ಟಿಯಿಂದ ಹಣ್ಣು ಎತ್ತಿಕೊಂಡಷ್ಟು ಸಲೀಸಾಗಿ.

ಸಣ್ಣೀರನ ಗಂಟಲವರೆಗೂ ಕೂಗು ಬಂತು. ಬಾಯಲ್ಲಿ ಎಲೆ ಇತ್ತು. ಎಲೆ ಬಿಟ್ಟರೆ ಇಡೀ ಕಾಡು ಏನನ್ನುತ್ತದೆ? ದೊಡ್ಡಮ್ಮನ ಮರ್ಯಾದೆ ಕಳೆದವನು ಅನ್ನುತ್ತದೆ. ತನ್ನ ಪೀಪಿಗೆ ಯಾರು ತಿರುಗಿ ನೋಡುತ್ತಾರೆ? ಅವನು ಅಷ್ಟು ಯೋಚಿಸುವುದರೊಳಗೆ ಹುಲ್ಲು ಅಲ್ಲಾಡುವುದು ನಿಂತುಹೋಗಿತ್ತು.

ಬೆಳಿಗ್ಗೆ ಅವನು ಎಲ್ಲರ ಮುಂದೆ ಹೇಳಿದ. "ನಾನು ಕಣ್ಣಾರೆ ನೋಡಿದೆ. ಮರಿ ತಗೊಂಡು ಹೋಗಿದ್ದು ಕೊತ್ತಿ ಮಾವನೇ."

ಎಲ್ಲರೂ ಕೊತ್ತಿಯ ಕಡೆ ತಿರುಗಿದರು. ಕೊತ್ತಿ ಸಿಟ್ಟಾಗಲಿಲ್ಲ. ನಿಟ್ಟುಸಿರು ಬಿಟ್ಟ.

"ಎಲೆ ಕಚ್ಚುವಾಗ ಕಣ್ಣು ಮುಚ್ಚಬೇಕು ಅನ್ನೋದು ನೇಮ. ಅದನ್ನೂ ನೀನು ಪಾಲಿಸಲಿಲ್ಲವಾ ಮಗ? ನನಗೆ ಅರ್ಥ ಆಗುತ್ತೆ. ನಿನ್ನ ಹಾಡನ್ನ ಯಾರೂ ಕೇಳಲಿಲ್ಲ ಅಂತ ಹೊಟ್ಟೆ ಉರಿ. ಸತ್ತವಳ ಮೇಲೆ ಮತ್ಸರ ತೀರಿಸಿಕೊಳ್ಳೋಕಾಗಲ್ಲ. ಅದಕ್ಕೆ ಅವಳ ಮನೆ ಕಾಯೋನ ಮೇಲೆ ಹೇಳ್ತಿದೀಯ."

"ಛೆ, ಸಣ್ಣೀರ," ಅಂದಿತು ಮೊಲ. ಆಮೆ ತಾತ ಕತ್ತು ಒಳಗೆ ಎಳೆದುಕೊಂಡ.

ಗೌಜಲವ್ವ ಮಾತ್ರ ಅವನ ಹತ್ತಿರ ಬಂದಳು. ಅವಳ ಹಿಂದೆ ಐದೇ ಮರಿ.

"ನಿಜವಾಗ್ಲೂ ನೋಡಿದೆಯಾ?" ಅಂತ ಕೇಳಿದಳು.

"ನೋಡಿದೆ ಗೌಜಲವ್ವ."

"ನೋಡಿ ಕೂಗಲಿಲ್ಲವಾ?"

ಸಣ್ಣೀರನ ಬಾಲ ಮತ್ತೆ ಕೆಳಗಾಯಿತು. ಅವಳು ಮತ್ತೆ ಕೇಳಲಿಲ್ಲ. ಐದು ಮರಿ ಕರೆದುಕೊಂಡು ಹೊರಟುಹೋದಳು. ಆ ಒಂದು ಮಾತು ಅವನ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಇಡೀ ದಿನ ಕೂತಿತ್ತು. ಅವನು ಹುಳ ತಂದ, ಮರಿಗಳಿಗೆ ಕೊಟ್ಟ, ಮತ್ತೆ ಹುಳ ತಂದ.

"ನೀವು ಹೇಳಿದ್ದನ್ನ ನಾನು ನಂಬ್ತೀನಿ ಕಣ್ರೀ," ಅಂದಳು ಚೆಲುವಿ. "ಆದ್ರೆ ನಮಗೂ ಮೂರು ಮಕ್ಕಳಿವೆ. ಅದನ್ನ ಮರೀಬೇಡಿ."

ಸಂಜೆಯಾಯಿತು. ಸೂರ್ಯ ಗುಡ್ಡದ ನೆತ್ತಿ ಮುಟ್ಟಿದ. ಎಲ್ಲರೂ ಎಲೆ ಹಿಡಿದರು. ಚೆಲುವಿ ಒಳಗೆ ಮರಿಗಳ ಮೇಲೆ ರೆಕ್ಕೆ ಹರಡಿ ಕೂತಳು. ಸಣ್ಣೀರ ಎದುರಿನ ಕೊಂಬೆಯ ತುದಿಯಲ್ಲಿ ಕೂತ, ಅಜ್ಜ ಕೂರುತ್ತಿದ್ದ ಜಾಗದಲ್ಲಿ, ಅಪ್ಪ ಕೂರುತ್ತಿದ್ದ ಜಾಗದಲ್ಲಿ. ಬಾಯಲ್ಲಿ ಮತ್ತಿ ಎಲೆ. ಕಣ್ಣು ಮಾತ್ರ ಬಿಟ್ಟುಕೊಂಡಿದ್ದ.

ಮೇಲಿನ ಪೊಟರೆಯಿಂದ ಕೊತ್ತಿ ಇಳಿದ. ಒಂದು ಕೊಂಬೆ ಇಳಿದ. ಇನ್ನೊಂದು ಕೊಂಬೆ ಇಳಿದ. ನೆಲಕ್ಕೆ ಹೋಗಲಿಲ್ಲ. ಮುಷ್ಟಿಯಷ್ಟು ಅಗಲದ ಪೊಟರೆಯ ಮುಂದೆ ನಿಂತ. ಕೈ ಹೋಗುತ್ತದೋ ಇಲ್ಲವೋ ಅಂತ ಪಂಜ ಇಟ್ಟು ನೋಡಿದ. ಹೋಗುತ್ತಿತ್ತು.

ಸಣ್ಣೀರನ ಕಡೆ ತಿರುಗಿ, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದ. "ಎಲೆ ಬೀಳಿಸಬೇಡಪ್ಪ. ದೊಡ್ಡಮ್ಮ ಕೇಳಿಸ್ಕೊಂಡರೆ ನೊಂದ್ಕೋತಾಳೆ."

ದೊಡ್ಡಮ್ಮನ ಹೆಸರು ಆ ಬಾಯಲ್ಲಿ ಬಂದ ಕೂಡಲೇ ಸಣ್ಣೀರನಿಗೆ ದೊಡ್ಡಮ್ಮನೇ ನೆನಪಾದಳು. ಎಲ್ಲರೂ ಹೊಗಳುವ ದೊಡ್ಡಮ್ಮ ಅಲ್ಲ. ತಾನು ಕೊಂಬೆಯಿಂದ ಜಾರಿ ಬಿದ್ದಾಗ ಬಗ್ಗಿ ನೋಡಿದ ದೊಡ್ಡಮ್ಮ. ನಿಂದು ನೀನು ಹಾಡು ಅಂದವಳು. ನೀನು ಹಾಡದೆ ಇದ್ದರೆ ನನಗೆ ಕಣ್ಣೇ ಬಿಡುವುದಿಲ್ಲ ಅಂದವಳು.

ಸಣ್ಣೀರ ಎಲೆ ಬಿಟ್ಟ.

ಎಷ್ಟು ದಿನ ಕಟ್ಟಿಹೋಗಿದ್ದ ಗಂಟಲು. ಮೊದಲು ಬಂದದ್ದು ಬರೀ "ಚರ್ರ್" ಅಂತ, ಒಡೆದ ತಪ್ಪಲೆ ಕೆರೆದ ಹಾಗೆ.

"ಇದಾ ನಿನ್ನ ಹಾಡು?" ಅಂದ ಕೊತ್ತಿ. ಪಂಜ ಒಳಗೆ ಹಾಕಿದ.

ಒಳಗಿನಿಂದ ಚೆಲುವಿ ಅವನ ಬೆರಳನ್ನು ಕಚ್ಚಿದಳು. ಕೊತ್ತಿ ಪಂಜ ಎಳೆದುಕೊಂಡ. ಅಷ್ಟರಲ್ಲಿ ಸಣ್ಣೀರನ ಗಂಟಲು ಬಿಟ್ಟಿತು. ಒಂಬತ್ತು ಸಂಜೆ, ಅದರ ಮೇಲೆ ಮತ್ತಷ್ಟು ಸಂಜೆ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಅವನು ಕೂಗಿದ್ದು ದೊಡ್ಡಮ್ಮನ ನಗು ಅಲ್ಲ, ಅದರ ಹತ್ತಿರಕ್ಕೂ ಬರುವಂಥದ್ದಲ್ಲ. ಅದು ಮಡಿವಾಳ ಹಕ್ಕಿಯ ಕೂಗು, ತೆಳ್ಳಗೆ, ಚೂಪಾಗಿ, ಸೂಜಿ ಹಾಗೆ. ಕಣ್ಣು ಮುಚ್ಚಿ ಕೂತವರ ಕಿವಿಗೆ ಸೀದಾ ಹೋಗಿ ಚುಚ್ಚಿತು.

ಮೊದಲು ಎಲೆ ಉಗಿದವಳು ಗೌಜಲವ್ವ. "ಕೊತ್ತಿ ಬಂದ, ಕೊತ್ತಿ ಬಂದ, ಮರದ ಮೇಲೆ ಕೊತ್ತಿ," ಅಂತ ಅವಳು ನೆಲದಿಂದ ಕೂಗಿದಳು. ಮೊಲ ಎಲೆ ಬಿಟ್ಟು ಕಾಲು ಬಡಿಯಿತು. ಅಳಿಲು ಚಿಟಚಿಟ ಅಂದಿತು. ಆ ದಂಡೆಯ ಪಾರಿವಾಳಗಳು, ಈ ದಂಡೆಯ ಗಿಳಿಗಳು, ಹೊಳೆಯ ಕಪ್ಪೆಗಳು ಕೂಡ ಕೂಗಿದವು. ಮರಮರದಿಂದ ಕಚ್ಚಿದ ಎಲೆಗಳು ಕೆಳಗೆ ಉದುರಿದವು.

ಕೊತ್ತಿ ಅಂಥ ಸದ್ದು ಕೇಳಿರಲಿಲ್ಲ. ದೊಡ್ಡಮ್ಮನದು ಒಂದೇ ದನಿ. ಇದು ನೂರು ದನಿ, ಯಾವ ಕಡೆಯಿಂದ ಬರುತ್ತಿದೆ ಎಂದೇ ತಿಳಿಯದು. ಗಾಬರಿಯಾಗಿ ಮೇಲೆ ಹತ್ತಿದ, ದೊಡ್ಡ ಪೊಟರೆಗೆ ನುಗ್ಗಿದ. ನುಗ್ಗುವ ಭರದಲ್ಲಿ ಅವನ ಹಿಂಗಾಲು ಒಳಗಿದ್ದದ್ದನ್ನೆಲ್ಲ ಹೊರಗೆ ಕೆದರಿತು. ಗೌಜಲ ಮರಿಗಳ ಚುಕ್ಕೆ ಚುಕ್ಕೆ ಪುಕ್ಕ. ಮೊಲದ ಮರಿಯ ಬಿಳಿ ಕೂದಲು. ಅವು ಗಾಳಿಯಲ್ಲಿ ತೇಲುತ್ತಾ ನಿಧಾನವಾಗಿ ಗೌಜಲವ್ವನ ಮುಂದೆ ಬಂದು ಬಿದ್ದವು.

ಕೂಗುತ್ತಿದ್ದವರೆಲ್ಲ ಬಗ್ಗಿ ಆ ಪುಕ್ಕಗಳನ್ನು ನೋಡಿದರು.

"ಕೊತ್ತಿ ಮಾವ," ಅಂದಿತು ಮೊಲ, ತುಂಬ ಮೆಲ್ಲಗೆ. "ದೊಡ್ಡಮ್ಮನ ಮನೆ ಹೀಗೆ ಕಾದೆಯಾ?"

ಕೊತ್ತಿಗೆ ಅಳು ಬರಲಿಲ್ಲ. ಇಷ್ಟು ದಿನ ಬೇಕೆಂದಾಗೆಲ್ಲ ಬರುತ್ತಿತ್ತು. ಎಲ್ಲರೂ ಮರದ ಸುತ್ತ ಸೇರುವುದನ್ನು ನೋಡಿ, ಇನ್ನು ಇಳಿಯಲು ಬಿಡುವುದಿಲ್ಲ ಎಂದು ತಿಳಿದು, ಕಣ್ಣು ಮುಚ್ಚಿ ಮೇಲಿನಿಂದ ಹಾರಿದ. ಹಾರಿದ ಜಾಗದಲ್ಲಿ ಮುಳ್ಳುಹಂದಿ ನಿಂತಿದ್ದ. ಇದೇನು ಗಲಾಟೆ ಅಂತ ನೋಡಲು ಆಗ ತಾನೇ ಬಂದಿದ್ದ. ಅವನ ಬಾಯಲ್ಲಿ ಎಲೆ ಇನ್ನೂ ಹಾಗೇ ಇತ್ತು. ಮೇಲಿಂದ ಏನೋ ಬೀಳುತ್ತಿದೆ ಅಂತ ಗೊತ್ತಾಗಿ, ಅಭ್ಯಾಸದಂತೆ ಮುಳ್ಳು ಎಬ್ಬಿಸಿದ.

ಆಮೇಲೆ ಏನಾಯಿತು ಅಂತ ನಾನು ಹೇಳಬೇಕಾಗಿಲ್ಲ. ಕೊತ್ತಿ ಕೂಗಿದ ಕೂಗು ಗುಡ್ಡದ ಆಚೆಗೂ ಕೇಳಿಸಿತು.

"ಯಾರದು, ನೋಡ್ಕೊಂಡು ಬೀಳಬಾರದಾ?" ಅಂದ ಮುಳ್ಳುಹಂದಿ. ಅಷ್ಟು ಹೇಳುವಾಗ ಎಲೆ ಬಿದ್ದುಹೋಯಿತು. ಅಯ್ಯೋ ಅಂತ ಬಗ್ಗಿ ಅದನ್ನು ಮತ್ತೆ ಕಚ್ಚಿಕೊಂಡ.

ಕೊತ್ತಿ ಮೂಗಿನಲ್ಲಿ ನಾಲ್ಕು ಮುಳ್ಳು, ಮುಂಗಾಲಲ್ಲಿ ಏಳು ಮುಳ್ಳು ಇಟ್ಟುಕೊಂಡು ಕುಂಟುತ್ತಾ ಓಡಿದ. ಅವನು ಹೋದ ದಾರಿಯುದ್ದಕ್ಕೂ ಒಂದೊಂದು ಪೊದೆಯಿಂದ ಒಬ್ಬೊಬ್ಬರು ಕೂಗಿ ಅವನನ್ನು ಮುಂದಕ್ಕೆ ಕಳಿಸಿದರು.

ಎಲ್ಲ ಮುಗಿಯಿತು. ಯಾರಿಗೂ ಯಾರ ಮುಖ ನೋಡುವ ಧೈರ್ಯ ಇರಲಿಲ್ಲ. ಆಮೆ ತಾತ ಕತ್ತು ಹೊರಗೆ ಹಾಕಿದ. ಅವನ ಕಣ್ಣಲ್ಲಿ ನೀರಿತ್ತು.

"ನನಗೆ ವಯಸ್ಸಾಯ್ತು ಕಣಪ್ಪ, ಅದಕ್ಕೇ ಮರೆತೆ," ಅಂದ. "ದೊಡ್ಡಮ್ಮ ನಗೋಕೆ ಮುಂಚೆ ದಿನಾ ಒಂದು ಹಾಡು ಇರ್ತಿತ್ತು. ಇವನ ಅಜ್ಜ ಹಾಡೋನು, ಅವಳು ಏಳೋಳು. ಇವನ ಅಪ್ಪ ಹಾಡೋನು, ಅವಳು ಏಳೋಳು. ಹಾಡು ಕೇಳದೆ ಅವಳು ಒಂದು ದಿನಾನೂ ನಗಲಿಲ್ಲ. ನಾವು ನಗು ಒಂದನ್ನೇ ನೆನಪಿಟ್ಕೊಂಡು, ಹಾಡನ್ನ ಅದರ ಜೊತೆ ತೂಗೋಕೆ ಕೂತ್ವಿ. ಸಂಜೆಗೆ ಎರಡೂ ಬೇಕಿತ್ತು." ಸಣ್ಣೀರನ ಕಡೆ ತಿರುಗಿ, "ಹಾಡಪ್ಪ ಮಗ. ತುಂಬ ದಿನ ಆಯ್ತು," ಅಂದ.

ಸಣ್ಣೀರ ಗೌಜಲವ್ವನನ್ನು ನೋಡಿದ. ಅವಳು ಪುಕ್ಕಗಳನ್ನು ಒಂದೊಂದಾಗಿ ಆರಿಸಿ ಒಟ್ಟು ಮಾಡುತ್ತಿದ್ದಳು. ತಲೆ ಎತ್ತದೆ, "ಹಾಡು," ಅಂದಳು. "ಇನ್ನು ಮೇಲೆ ನೋಡಿದರೆ ಕೂಗು. ಅಷ್ಟು ಸಾಕು."

ಸಣ್ಣೀರ ಕೊಂಬೆ ತುದಿಗೆ ಹೋಗಿ ಹಾಡಿದ. ಅಜ್ಜ ಹಾಡಿದ್ದನ್ನು ಹಾಡಿದ, ಅಪ್ಪ ಹಾಡಿದ್ದನ್ನು ಹಾಡಿದ, ತನ್ನದನ್ನೂ ಹಾಡಿದ. ಹಾಡು ಮುಗಿಯಿತು. ಎಲ್ಲರೂ ಗೊತ್ತಿಲ್ಲದೆಯೇ ಮೇಲಿನ ಪೊಟರೆಯ ಕಡೆ ಕತ್ತೆತ್ತಿದರು. ದಿನಾ ಆಗ ನಗು ಬರುತ್ತಿತ್ತಲ್ಲ, ಅದಕ್ಕೆ. ಬರಲಿಲ್ಲ. ಕಿವಿಗೆ ಗೊತ್ತಾಗುವುದಿಲ್ಲ ಅಂತ ದೊಡ್ಡಮ್ಮ ಹೇಳಿದ್ದು ಸಣ್ಣೀರನಿಗೆ ಆಗ ಅರ್ಥವಾಯಿತು.

ಆ ಖಾಲಿ ಜಾಗದಲ್ಲಿ ಅವನು ಮೆಲ್ಲಗೆ, ತನ್ನ ಗಂಟಲಿಗೆ ಹಿಡಿಸುವಷ್ಟೇ, ಒಂದು ಚೂರು ನಕ್ಕ. ದೊಡ್ಡಮ್ಮನ ಹಾಗೆ ನಗಬೇಕೆಂದು ನಕ್ಕದ್ದಲ್ಲ. ಅವಳು ಇದ್ದಳು ಅಂತ ಹೇಳುವುದಕ್ಕೆ. ಕೆಳಗೆ ಗೌಜಲವ್ವನ ಐದು ಮರಿಗಳೂ ಅವಳ ರೆಕ್ಕೆಯೊಳಗೆ ಹೋಗಿ ಕೂತವು. ಮೊದಲನೆಯ ಚುಕ್ಕಿ ಕಂಡಿತು.

ಕಥೆ ಅಲ್ಲಿಗೆ ನಿಂತಿತು. ಉಳಿದವರೆಲ್ಲ ಏನಾದರು ಅಂತ ಕೇಳುತ್ತೀರಿ, ಹೇಳಿಬಿಡುತ್ತೇನೆ. ಕೊತ್ತಿ ಗುಡ್ಡ ದಾಟಿ ಹೋದ, ತಿರುಗಿ ಬರಲಿಲ್ಲ. ಮೂಗಿನ ಮುಳ್ಳು ಮಳೆಗಾಲಕ್ಕೆ ಕಳಚಿತಂತೆ, ಮುಂಗಾಲಿನ ಕುಂಟು ಕೊನೆಗೂ ಹೋಗಲಿಲ್ಲವಂತೆ. ಅವನು ಬರುವ ಸದ್ದು ಅಲ್ಲಿನ ಕಪ್ಪೆಗಳಿಗೂ ಗೊತ್ತಾಗುತ್ತಿತ್ತಂತೆ. ಗೌಜಲವ್ವನ ಐದು ಮರಿಗಳು ದೊಡ್ಡವಾಗಿ, ಐವತ್ತಾದವು. ಹೊತ್ತು ಇಳಿದರೆ ನೆಲದಿಂದ ಮೊದಲು ಎಚ್ಚರಿಕೆ ಕೊಡುವುದು ಅವೇ. ಮೊಲ ಮತ್ತೆ ಯಾರನ್ನೂ ಯಾರ ಜೊತೆಗೂ ಹೋಲಿಸಲಿಲ್ಲ. ಹೋಲಿಸಬೇಕು ಅನ್ನಿಸಿದಾಗ ಬಾಯಿಗೆ ಗರಿಕೆ ತುರುಕಿಕೊಳ್ಳುತ್ತಿತ್ತು. ಮುಳ್ಳುಹಂದಿಗೆ ನೇಮ ಮುಗಿದದ್ದು ಮೂರು ದಿನ ಬಿಟ್ಟು ತಿಳಿಯಿತು. ಆಮೆ ತಾತ ಇನ್ನೂ ಇದ್ದಾನೆ, ಆಮೆಗಳಿಗೇನು. ದೊಡ್ಡಮ್ಮನ ಪೊಟರೆಯನ್ನು ಯಾರೂ ಹಿಡಿಯಲಿಲ್ಲ. ಅದನ್ನು ಗುಡಿಸಿ, ಎಲೆ ಹಾಸಿ, ಹಾಗೇ ಬಿಟ್ಟರು.

ಚೆಲುವಿಯ ಮೂರು ಮರಿಗಳೂ ಹಾರಿದವು. ಒಂದು ಗುಡ್ಡದ ಕಡೆ ಹೋಯಿತು, ಒಂದು ಬಿದಿರು ಮೆಳೆ ಕಡೆ, ಒಂದು ಅಲ್ಲೇ ಉಳಿಯಿತು. ಸಂಜೆಯಾದರೆ ಮೂರೂ ಮೂರು ಕಡೆಯಿಂದ ಹಾಡುತ್ತಿದ್ದವು, ಅಪ್ಪನ ಹಾಗೇ ಹಾಡಿನ ಕೊನೆಗೆ ಒಂದು ಚೂರು ನಗುತ್ತಿದ್ದವು. ಆ ನಗು ಯಾರದು ಅಂತ ಅವಕ್ಕೆ ಗೊತ್ತಿಲ್ಲ. ಅವು ನೋಡೇ ಇಲ್ಲ. ಆದರೆ ದೊಡ್ಡಮ್ಮ ಅಷ್ಟು ವರ್ಷ ಕಿವಿ ಕೊಟ್ಟು ಕಾದದ್ದು ಈಗ ಆ ಗುಡ್ಡದಿಂದಲೂ ಬರುತ್ತದೆ, ಬಿದಿರು ಮೆಳೆಯಿಂದಲೂ ಬರುತ್ತದೆ. ನಮ್ಮ ಹಿತ್ತಲ ಬೇಲಿ ಮೇಲೆ ಹೊತ್ತು ಇಳಿಯುವಾಗ ಮಡಿವಾಳ ಹಕ್ಕಿ ಕೂತು ಹಾಡುತ್ತದಲ್ಲ, ನಾಳೆ ಅದರ ಹಾಡಿನ ಕೊನೆಯವರೆಗೂ ಕೇಳಿ. ಮಧ್ಯದಲ್ಲಿ ಎದ್ದು ಹೋಗಬೇಡಿ.

ನೀತಿ: ಹೋದವರನ್ನು ನೆನೆಯಬೇಕು, ಆದರೆ ಅವರ ಹೆಸರು ಹೇಳಿ ಇರುವವರ ಬಾಯಿ ಮುಚ್ಚಿಸಬಾರದು, ಮುಚ್ಚಿಸಲು ಬಂದವನು ಯಾವ ಲಾಭಕ್ಕೆ ಬಂದಿದ್ದಾನೆ ಎಂದು ಮೊದಲು ನೋಡಬೇಕು.